ಮಗ ಡೇರೆ ಬಿಡುತ್ತೇನೆ ಎಂದಾಗ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಹಾವೇರಿಯಲ್ಲಿ ಡೇರೆ ಹಾಕಿದ್ದ ಸರ್ಕಸ್ ಕಂಪನಿಯ ಯಜಮಾನರು ಹೆಂಡತಿಯೊಂದಿಗೆ ಹುಬ್ಬಳ್ಳಿಗೆ, ಆಪ್ತಸಲಹೆ ಕೇಳಲು ನನ್ನ ಬಳಿ ಬಂದದ್ದು ನಿದ್ದೆ ಬಾರದೆಂದು. ವಯಸ್ಸು ಅರವತ್ತರ ಆಸುಪಾಸು. ನಡುರಾತ್ರಿ ಎದ್ದು ಡೇರೆಯ ಸುತ್ತ ನಡೆದು, ಪ್ರತಿ ಹಗ್ಗವನ್ನೂ ಎಳೆದು, ಪ್ರತಿ ಗೂಟವನ್ನೂ ಕಾಲಿನಿಂದ ಒತ್ತಿ ನೋಡುತ್ತಾರೆ. ಗಾಳಿ ಇಲ್ಲದ ರಾತ್ರಿಯಲ್ಲೂ.

ಜೋಕಾಲಿ ಆಟದಲ್ಲಿ ಪಳಗಿದ ಮಗ ತಿರುಗಾಟ ಸಾಕೆಂದಿದ್ದಾನೆ. ಹುಬ್ಬಳ್ಳಿಯಲ್ಲಿ ಮನೆ ಮಾಡಿ, ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸಿ, ಮಗಳನ್ನು ಒಂದೇ ಶಾಲೆಯಲ್ಲಿ ಓದಿಸುವ ಆಸೆ. ಅಂದಿನಿಂದ ಅಪ್ಪ ಮಾತು ಬಿಟ್ಟಿದ್ದಾರೆ. “ನಮ್ಮಪ್ಪ ಕಟ್ಟಿದ್ದನ್ನು ಇವನು ಮುಳುಗಿಸುತ್ತಾನೆ” ಎಂದರು.

ಕಂಪನಿ ಸೊರಗಿದ್ದು ಮಗನಿಂದಲ್ಲ. ಹುಲಿ, ಸಿಂಹ, ಕರಡಿ, ಕೋತಿಗಳ ಪ್ರದರ್ಶನ ನಿಷೇಧಿಸಿದ 1998ರ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿಯಿತು. 2011ರಲ್ಲಿ ಸರ್ಕಸ್‌ನಲ್ಲಿ ಮಕ್ಕಳನ್ನು ದುಡಿಸುವುದಕ್ಕೂ ತಡೆ ಬಿತ್ತು. ಎರಡೂ ಆಗಬೇಕಾದದ್ದೇ ಎಂದು ನಾನು ನಂಬಿದ್ದೇನೆ. ಆದರೆ ಸಿಂಹಗಳನ್ನು ಲಾರಿಗೆ ಹತ್ತಿಸಿ ಕಳಿಸಿದ ದಿನ ಇವರು ಉಣ್ಣಲಿಲ್ಲ, ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ ಎಂದು ಹೆಂಡತಿ ಹೇಳಿದರು. ಆಮೇಲೆ ಕೊರೊನಾ ಬಂದು ಆಟ ನಿಂತಿತು. ಆಗಲೂ ಮೌನ. ಅಷ್ಟು ವರ್ಷ ನುಂಗಿದ ಸಂಕಟವೆಲ್ಲ ಈಗ ಮಗನ ಮೇಲೆ ಸಿಟ್ಟಾಗಿ ಬರುತ್ತಿದೆ ಎಂದು ನನಗನ್ನಿಸಿತು. ಅದನ್ನೇ ಅವರಿಗೆ ಹೇಳಿದೆ. ಬಹಳ ಹೊತ್ತು ಅತ್ತರು, ನಾನು ತಡೆಯಲಿಲ್ಲ.

ಮಗನೊಂದಿಗೆ ಮೊದಲ ಮಾತು ಕಂಪನಿಯದ್ದಾಗಬಾರದು, ಅಭ್ಯಾಸದಲ್ಲಿ ಉಳುಕಿದ ಅವನ ಭುಜ ಹೇಗಿದೆ ಎಂದು ಕೇಳಿ ಎಂದೆ. ಅದನ್ನು ಇವರು ಈವರೆಗೆ ಕೇಳಿರಲೇ ಇಲ್ಲ. ನಂತರ ಮೂವರೂ ಕುಳಿತು ಸಾಲ, ಮೈದಾನದ ಬಾಡಿಗೆ, ಆಟಗಾರರ ಸಂಬಳದ ಲೆಕ್ಕ ತೆರೆಯಬೇಕು. ಲೆಕ್ಕ ಓದಬೇಕಾದವರು ಟಿಕೆಟ್ ಕೌಂಟರ್ ನೋಡಿಕೊಳ್ಳುವ ಹೆಂಡತಿ. ಪೈಸೆ ಪೈಸೆಯೂ ಅವರಿಗೆ ಗೊತ್ತು. ಬದಲಿ ಆಟಗಾರ ಪಳಗುವವರೆಗೆ ಮಗ ಇರಲಿ, ಆದರೆ ಹೊರಡುವ ತಿಂಗಳು ಈಗಲೇ ನಿಶ್ಚಯವಾಗಲಿ.

ಮೊಮ್ಮಗಳ ಶಾಲೆ ಇದಾವುದಕ್ಕೂ ಕಾಯಬಾರದು. ಶಿಕ್ಷಣ ಹಕ್ಕು ಕಾಯ್ದೆಯಡಿ 6ರಿಂದ 14 ವರ್ಷದ ಮಗುವಿಗೆ ವಯಸ್ಸಿಗೆ ತಕ್ಕ ತರಗತಿ ಸಿಗಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ.

ಹಗ್ಗ ನೋಡುವ ಕೆಲಸವನ್ನು ರಾತ್ರಿ ಕಾವಲುಗಾರನಿಗೆ ಒಪ್ಪಿಸಿ ಎಂದೆ. ಆದರೂ ನಿದ್ದೆ ಬಾರದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನು ಕಾಣಬೇಕು. ಊರೂರು ತಿರುಗುವವರಿಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಎಲ್ಲಿಂದಲಾದರೂ ಸಿಗುತ್ತದೆ.

ಮುಂದಿನ ಸಲ ಮಗನೂ ಬಂದ. ಕಂಪನಿ ಮಾರುವ ಮಾತಿಗೆ ಯಜಮಾನರು ಇನ್ನೂ ಒಪ್ಪಿಲ್ಲ, ನಾನೂ ಒತ್ತಾಯಿಸಿಲ್ಲ. ಭುಜವನ್ನು ಮೂಳೆ ವೈದ್ಯರಿಗೆ ತೋರಿಸಲು ಮಾತ್ರ ಅಪ್ಪನೇ ಕರೆದೊಯ್ದಿದ್ದರು.