ಹೊಸ ಪಿಸಿ ಪದೇ ಪದೇ ಕ್ರ್ಯಾಶ್: ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮುನ್ನ

ಪ್ರಶ್ನೆ: ಬಿಡಿಭಾಗಗಳನ್ನು ತಂದು ನಾನೇ ಪಿಸಿ ಜೋಡಿಸಿದ್ದೇನೆ. ರೈಜೆನ್ 5 7600, ಬಿ650 ಬೋರ್ಡ್, ಆರ್‌ಟಿಎಕ್ಸ್ 4060, 650 ವ್ಯಾಟಿನ ಪವರ್ ಸಪ್ಲೈ. ಮೊದಲು 16 ಜಿಬಿಯ ಎರಡು ಡಿಡಿಆರ್5-6000 ರ‍್ಯಾಮ್ ಹಾಕಿದ್ದೆ. ಆಮೇಲೆ ಅದೇ ಮಾಡೆಲಿನ ಇನ್ನೆರಡು ಸೇರಿಸಿದೆ. ಎಕ್ಸ್‌ಪೋ (ರ‍್ಯಾಮನ್ನು ಬಾಕ್ಸಿನ ಮೇಲೆ ಬರೆದ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಇದೆ. ಗೇಮ್ ಆಡುವಾಗ, ಕೆಲವೊಮ್ಮೆ ಸುಮ್ಮನೆ ಬ್ರೌಸರ್ ತೆರೆದಾಗಲೂ ನೀಲಿ ಪರದೆ ಬರುತ್ತದೆ, ಪ್ರತಿ ಸಲವೂ ಬೇರೆ ಹೆಸರು. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದರೂ ಸರಿಹೋಗಲಿಲ್ಲ. ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಬದಲಿಸಿ ನೋಡಿ ಅನ್ನುತ್ತಾರೆ. ಬದಲಿಸಲೇ?
— ಓದುಗರು, ದಾವಣಗೆರೆ

ಉತ್ತರ: ಬೇಡ. ಕಾರ್ಡಿನ ಮೇಲೆ ಅನುಮಾನ ಪಡುವ ಕಾರಣ ನಿಮ್ಮ ವಿವರದಲ್ಲಿ ಎಲ್ಲೂ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದ್ದರೆ ಸಾಮಾನ್ಯವಾಗಿ ಪರದೆಯ ಮೇಲೆ ಬಣ್ಣದ ಚೌಕಗಳು ಬರುತ್ತವೆ, ಇಲ್ಲವೇ ಶಬ್ದ ಕೇಳುತ್ತಿರುವಾಗಲೇ ಚಿತ್ರ ಮಾತ್ರ ಹೋಗುತ್ತದೆ, ನೀಲಿ ಪರದೆ ಬಂದರೂ ‘ವಿಡಿಯೊ ಟಿಡಿಆರ್’ ಎಂಬ ಒಂದೇ ಹೆಸರು ಮರುಕಳಿಸುತ್ತದೆ. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಮ್ಮೆ ‘ಪೇಜ್ ಫಾಲ್ಟ್’, ಮತ್ತೊಮ್ಮೆ ‘ಐಆರ್‌ಕ್ಯೂಎಲ್’ ಎಂದು ಹೆಸರು ಬದಲಾಗುತ್ತಿದ್ದರೆ, ಅದೂ ಬ್ರೌಸರ್ ತೆರೆದಾಗಲೇ ಬಂದರೆ, ಮೊದಲು ರ‍್ಯಾಮನ್ನೇ ಹಿಡಿಯಬೇಕು. ತಪ್ಪಾದ ಬಿಟ್ ಯಾವ ಪ್ರೋಗ್ರಾಮಿನ ಪಾಲಿಗೆ ಬಂತೋ ಆ ಪ್ರೋಗ್ರಾಮು ಬೀಳುತ್ತದೆ. ಹಾಗಾಗಿ ಹೆಸರು ಬದಲಾಗುತ್ತಲೇ ಇರುತ್ತದೆ.

ನಿಮ್ಮಲ್ಲಿ ರ‍್ಯಾಮ್ ಕೆಟ್ಟಿರಲೇಬೇಕೆಂದೂ ಇಲ್ಲ. ಬಾಕ್ಸಿನ ಮೇಲಿನ 6000 ಎಂಬ ವೇಗ ರ‍್ಯಾಮ್ ತಯಾರಕರ ಮಾತು, ಪ್ರೊಸೆಸರಿನವರದಲ್ಲ. 7600ಕ್ಕೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಸ್ಟಿಕ್ ಇದ್ದಾಗ 5200, ನಾಲ್ಕು ಇದ್ದಾಗ ಬರೀ 3600. ಎಕ್ಸ್‌ಪೋ ಆನ್ ಮಾಡುವುದೆಂದರೆ ಓವರ್‌ಕ್ಲಾಕ್ (ಅಧಿಕೃತ ವೇಗ ಮೀರಿ ಓಡಿಸುವುದು) ಮಾಡುವುದೇ, ಮೆನುವಿನಲ್ಲಿ ಒಂದೇ ಕ್ಲಿಕ್ಕಿಗೆ ಸಿಗುತ್ತದೆ ಅಷ್ಟೆ. ಎರಡು ಸ್ಟಿಕ್‌ಗಳಲ್ಲಿ 6000 ಬಹುತೇಕ ಎಲ್ಲರಿಗೂ ದಕ್ಕುತ್ತದೆ, ನಾಲ್ಕರಲ್ಲಿ ದಕ್ಕುವುದು ಅಪರೂಪ. ಪ್ರೊಸೆಸರಿಗೆ ಹೋಗುವ ಪ್ರತಿ ಚಾನೆಲ್ಲಿಗೆ (ದಾರಿಗೆ) ಎರಡೆರಡು ಸ್ಟಿಕ್ ಆದಾಗ ಸಿಗ್ನಲ್ ಕೆಡುತ್ತದೆ. ಸಾಲದ್ದಕ್ಕೆ, ಬೇರೆ ಬೇರೆ ಪ್ಯಾಕಿನವು ಒಂದೇ ಮಾಡೆಲ್ ಆದರೂ ಒಳಗಿನ ಚಿಪ್ ಬೇರೆಯಾಗಿರಬಹುದು. ಒಟ್ಟಿಗೆ ಪರೀಕ್ಷಿಸಿದ್ದೇವೆ ಎಂದು ತಯಾರಕರು ಹೇಳುವುದು ಒಂದೇ ಪ್ಯಾಕಿನ ಒಳಗಿರುವವನ್ನು ಮಾತ್ರ.

ಪಿಸಿ ಆಫ್ ಮಾಡಿ, ಗೋಡೆಯ ಸ್ವಿಚ್ಚನ್ನೂ ಆರಿಸಿ. ಮೊದಲ ಪ್ಯಾಕಿನ ಎರಡು ಸ್ಟಿಕ್‌ಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂರಿಸಿ. ಬೋರ್ಡಿನ ಮೇಲೆ ಇವುಗಳ ಹೆಸರು ಎ2, ಬಿ2. ಬೋರ್ಡಿನದೇ ತಂತ್ರಾಂಶವಾದ ಬಯಾಸ್‌ನಲ್ಲಿ ಎಕ್ಸ್‌ಪೋ ಆಫ್ ಮಾಡಿ. ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಎಂಬ ಆಯ್ಕೆ ಇದ್ದರೆ ಪರೀಕ್ಷೆ ಮುಗಿಯುವ ತನಕ ಅದನ್ನೂ ಆಫ್ ಮಾಡಿ, ಇಲ್ಲದಿದ್ದರೆ ಬೋರ್ಡು ಹಳೆಯ ಲೆಕ್ಕವನ್ನೇ ಮತ್ತೆ ಬಳಸುತ್ತದೆ. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಪರದೆ ಹಲವು ನಿಮಿಷ ಕಪ್ಪಾಗಿಯೇ ಇರಬಹುದು, ಡಿರ‍್ಯಾಮ್ ಎಂದು ಬರೆದಿರುವ ಪುಟ್ಟ ದೀಪವೂ ಉರಿಯುತ್ತಿರಬಹುದು. ಅದು ಟ್ರೈನಿಂಗ್, ಅಂದರೆ ಬೋರ್ಡು ಹೊಸ ರ‍್ಯಾಮಿಗೆ ಹೊಂದುವ ಲೆಕ್ಕ ಹಾಕಿಕೊಳ್ಳುವುದು. ಹದಿನೈದು ನಿಮಿಷ ಕಾಯಿರಿ, ಮಧ್ಯದಲ್ಲಿ ಸ್ವಿಚ್ ಒತ್ತಬೇಡಿ. ಹೊಸ ಪಿಸಿ ಸತ್ತೇಹೋಯಿತು ಎಂದು ಅಂಗಡಿಗೆ ವಾಪಸ್ ಹೋಗುವವರಲ್ಲಿ ಎಷ್ಟೋ ಮಂದಿ ಈ ಟ್ರೈನಿಂಗ್ ಮುಗಿಯಲು ಬಿಡದವರು.

ಆಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ನಾಲ್ಕು ಪಾಸ್ (ಪೂರ್ತಿ ಸುತ್ತು) ಓಡಿಸಿ. ಗಂಟೆಗಟ್ಟಲೆ ಹಿಡಿಯುತ್ತದೆ, ಮಲಗುವಾಗ ಹಚ್ಚಿಬಿಡಿ. ಒಂದೇ ಒಂದು ತಪ್ಪು ಕಂಡರೂ ಫೇಲ್ ಎಂದೇ ಲೆಕ್ಕ, ‘ಒಂದು ತಾನೇ’ ಅನ್ನುವಂತಿಲ್ಲ. ಡಿಡಿಆರ್5ನಲ್ಲಿ ಇಸಿಸಿ (ತಪ್ಪು ತಿದ್ದುವ ವ್ಯವಸ್ಥೆ) ಇದೆಯಲ್ಲ ಎಂದು ನೆಮ್ಮದಿಯಿಂದಿರಬೇಡಿ. ಅದು ಚಿಪ್ಪಿನ ಒಳಗಿನ ತಪ್ಪನ್ನಷ್ಟೇ ತಿದ್ದುತ್ತದೆ, ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಆದದ್ದನ್ನಲ್ಲ.

ಎಕ್ಸ್‌ಪೋ ಆಫ್ ಇದ್ದಾಗಲೂ ತಪ್ಪು ಬಂದರೆ ಒಂದೊಂದೇ ಸ್ಟಿಕ್ಕನ್ನು ಎ2ನಲ್ಲಿ ಹಾಕಿ ಪರೀಕ್ಷಿಸಿ. ಒಂದು ಸ್ಟಿಕ್ ಮಾತ್ರ ಫೇಲ್ ಆದರೆ ಅದರ ಪ್ಯಾಕನ್ನು ವಾರಂಟಿಗೆ ಕೊಡಿ. ಪ್ಯಾಕಿನ ಎರಡನ್ನೂ ಒಟ್ಟಿಗೇ ಕಳಿಸಬೇಕು, ಒಂದನ್ನೇ ಕಳಿಸಿದರೆ ಜೋಡಿ ಮುರಿಯುತ್ತದೆ. ಯಾವ ಸ್ಟಿಕ್ ಹಾಕಿದರೂ ಅದೇ ಸ್ಲಾಟಿನಲ್ಲಿ ತಪ್ಪು ಬಂದರೆ ಕೂಲರ್ ಬಿಚ್ಚಿ, ಪ್ರೊಸೆಸರ್ ಎತ್ತಿ, ಟಾರ್ಚ್ ಹಿಡಿದು ಸಾಕೆಟ್ ನೋಡಿ. ಎಎಂ5ರಲ್ಲಿ (ನಿಮ್ಮ ಪ್ರೊಸೆಸರಿನ ಸಾಕೆಟ್) ಪಿನ್‌ಗಳಿರುವುದು ಬೋರ್ಡಿನಲ್ಲಿ, ಒಂದು ಬಾಗಿದರೂ ಒಂದಿಡೀ ಚಾನೆಲ್ ಹೋಗಬಹುದು. ಮತ್ತೆ ಕೂರಿಸುವಾಗ ಪ್ರೊಸೆಸರಿಗೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿ, ಕೂಲರಿನ ತಿರುಪುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ತಪ್ಪು ಬರದಿದ್ದರೆ, ಬೋರ್ಡ್ ತಯಾರಕರ ಸೈಟಿನಿಂದ ಹೊಸ ಬಯಾಸ್ ಹಾಕಿ, ಎರಡೇ ಸ್ಟಿಕ್ಕಿನಲ್ಲಿ ಎಕ್ಸ್‌ಪೋ ಆನ್ ಮಾಡಿ, ಮತ್ತೆ ನಾಲ್ಕು ಪಾಸ್ ಓಡಿಸಿ. 6000 ದಕ್ಕದಿದ್ದರೆ ಕೈಯಾರೆ 5600ಕ್ಕೆ ಇಳಿಸಿ, ಗೇಮಿನಲ್ಲಿ ಆಗುವ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು. ವೇಗ ದಕ್ಕಲಿ ಎಂದು ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರಿನೊಳಗೆ ರ‍್ಯಾಮ್ ನೋಡಿಕೊಳ್ಳುವ ಭಾಗದ್ದು) ಏರಿಸುತ್ತಾ ಹೋಗಬೇಡಿ. 2023ರಲ್ಲಿ ಎಎಂಡಿಯ ಕೆಲವು ‘ಎಕ್ಸ್3ಡಿ’ ಮಾಡೆಲಿನ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟ ಮೇಲೆ ಎಎಂಡಿ ಈ ವೋಲ್ಟೇಜಿಗೆ 1.3 ವೋಲ್ಟಿನ ಮಿತಿ ಹಾಕಿತು. ಮೆಮ್‌ಟೆಸ್ಟ್ ಪಾಸಾದರೂ ವಿಂಡೋಸಿನಲ್ಲಿ ಒಸಿಸಿಟಿ ಅಥವಾ ಪ್ರೈಮ್95 ಎಂಬ ಒತ್ತಡ ಪರೀಕ್ಷೆಯ ತಂತ್ರಾಂಶ ಒಂದೆರಡು ಗಂಟೆ ಓಡಿಸಿ ನೋಡಿ. ಗೇಮ್ ನಡೆಯುವಾಗ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ರ‍್ಯಾಮಿಗೆ ತಾಗುತ್ತದೆ, ಬಿಸಿ ಏರಿದಷ್ಟೂ ಡಿಡಿಆರ್5 ತಪ್ಪು ಮಾಡುವ ಸಂಭವ ಹೆಚ್ಚು. ಪೆನ್‌ಡ್ರೈವಿನ ಪರೀಕ್ಷೆಯಲ್ಲಿ ಆ ಬಿಸಿ ಇರುವುದಿಲ್ಲ.

ನಿಮ್ಮ ವಿಂಡೋಸ್ ಎರಡು ಸಲವೂ ಅಸ್ಥಿರ ರ‍್ಯಾಮಿನ ಮೇಲೇ ಇನ್‌ಸ್ಟಾಲ್ ಆಗಿದೆ. ಅದರ ಫೈಲುಗಳೇ ಕೆಟ್ಟಿರಬಹುದು. ರ‍್ಯಾಮ್ ಸರಿಹೋದ ಮೇಲೆ ಮೂರನೆಯ ಸಲ ಹಾಕಲೇಬೇಕು. ಈ ಅವಧಿಯಲ್ಲಿ ಕಾಪಿ ಮಾಡಿದ ಫೋಟೊ, ವಿಡಿಯೊಗಳನ್ನು ತೆರೆದು ನೋಡದೆ ಮೂಲವನ್ನು ಅಳಿಸಬೇಡಿ.

64 ಜಿಬಿ ನಿಜಕ್ಕೂ ಬೇಕೆಂದರೆ ನಾಲ್ಕನ್ನೂ ಮಾರಿ 32 ಜಿಬಿಯ ಎರಡರ ಒಂದೇ ಪ್ಯಾಕ್ ಕೊಳ್ಳಿ. ಬರೀ ಗೇಮಿಗಾದರೆ 32 ಜಿಬಿ ಸಾಕು.

ಪ್ರಶ್ನೆ: ನನ್ನ ಪಿಸಿಯಲ್ಲಿ ನೀಲಿ ಪರದೆಯೇ ಬರುವುದಿಲ್ಲ. ಗೇಮಿನ ಮಧ್ಯೆ ಟಕ್ಕನೆ ಆಫ್ ಆಗಿ ತಾನೇ ಆನ್ ಆಗುತ್ತದೆ. ವಿಂಡೋಸಿನ ದಾಖಲೆ ತೋರಿಸುವ ಈವೆಂಟ್ ವ್ಯೂವರಿನಲ್ಲಿ ‘ಕರ್ನಲ್-ಪವರ್ 41’ ಎಂದಿದೆ. ಸೆಕೆಂಡ್‌ಹ್ಯಾಂಡ್ ಆರ್‌ಟಿಎಕ್ಸ್ 3080, 650 ವ್ಯಾಟಿನ ಪವರ್ ಸಪ್ಲೈ, 600 ವಿಎ ಯುಪಿಎಸ್.
— ಓದುಗರು, ಹುಬ್ಬಳ್ಳಿ

ಉತ್ತರ: 41 ಎಂಬುದು ಕಾರಣವಲ್ಲ. ‘ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ’ ಎಂದು ವಿಂಡೋಸ್ ಎದ್ದ ಮೇಲೆ ಬರೆದುಕೊಂಡದ್ದು, ಅಷ್ಟೆ. ಅದರ ವಿವರದಲ್ಲಿ ‘ಬಗ್‌ಚೆಕ್ ಕೋಡ್’ (ನೀಲಿ ಪರದೆಯ ಸಂಖ್ಯೆ) 0 ಇದ್ದರೆ ವಿಂಡೋಸಿಗೆ ಏನನ್ನೂ ಬರೆಯಲು ಸಮಯವೇ ಸಿಕ್ಕಿಲ್ಲ. ಇಂಥಲ್ಲಿ ಕರೆಂಟಿನ ದಾರಿಯನ್ನು ಹುಡುಕಬೇಕು.

600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. 3080 ಒಂದೇ 320 ವ್ಯಾಟ್ ಎಳೆಯುತ್ತದೆ, ಕ್ಷಣಮಾತ್ರಕ್ಕೆ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಆದ್ದರಿಂದ ಮೊದಲು ಯುಪಿಎಸ್ ತಪ್ಪಿಸಿ, ಪಿಸಿಯನ್ನು ನೇರ ಗೋಡೆಯ 16 ಆಂಪಿಯರ್ ಸಾಕೆಟ್ಟಿಗೆ ಹಾಕಿ ಗೇಮ್ ಆಡಿ. ಆಗ ರೀಸ್ಟಾರ್ಟ್ ನಿಂತಿತೆಂದರೆ ಯುಪಿಎಸ್ ಸಣ್ಣದಾಯಿತು. ನಿಲ್ಲದಿದ್ದರೆ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟ್ಟನ್ನು 70 ಶೇಕಡಾಕ್ಕೆ ಇಳಿಸಿ ನೋಡಿ. ಆಗ ರೀಸ್ಟಾರ್ಟ್ ನಿಂತರೆ ಪವರ್ ಸಪ್ಲೈ ಈ ಹೊರೆ ತಾಳುತ್ತಿಲ್ಲ ಎಂದರ್ಥ. ಈ ಕಾರ್ಡಿಗೆ ಎನ್‌ವಿಡಿಯಾ ಹೇಳುವುದೇ 750 ವ್ಯಾಟ್.

ಕಾರ್ಡಿನ ಎರಡು 8-ಪಿನ್ ಸಾಕೆಟ್ಟಿಗೆ ಕವಲೊಡೆದ ಒಂದೇ ಕೇಬಲ್ ಹಾಕಿದ್ದರೆ ತೆಗೆದು, ಎರಡು ಪ್ರತ್ಯೇಕ ಕೇಬಲ್ ಹಾಕಿ. ಆದರೆ ಬೇರೆ ಪವರ್ ಸಪ್ಲೈಯ ಕೇಬಲ್ ತಂದು ಎಂದಿಗೂ ಚುಚ್ಚಬೇಡಿ. ಪವರ್ ಸಪ್ಲೈ ಕಡೆಯ ತುದಿಯ ಪಿನ್ ಜೋಡಣೆ ಕಂಪನಿಗೊಂದು ಥರ, ಕೆಲವೊಮ್ಮೆ ಒಂದೇ ಕಂಪನಿಯ ಮಾಡೆಲ್‌ಗೊಂದು ಥರ. ಅಂಥ ಕೇಬಲ್ ಸಾಕೆಟ್ಟಿಗೆ ಸರಿಯಾಗಿ ಕೂತೇ ಎಸ್‌ಎಸ್‌ಡಿ ಸುಟ್ಟುಹಾಕಬಹುದು. ಪಿಸಿಯ ಬಾಡಿ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ.

ಪ್ರಶ್ನೆ: ಕೋರ್ ಐ7-14700ಕೆ ಹಾಕಿದ್ದೇನೆ. ಗೇಮ್ ಶುರುವಾಗುವಾಗ ‘ವಿಡಿಯೊ ಮೆಮೊರಿ ಸಾಲದು’ ಎಂದು ಹೇಳಿ ಮುಚ್ಚಿಕೊಳ್ಳುತ್ತದೆ. ಕಾರ್ಡಿನಲ್ಲಿ 12 ಜಿಬಿ ಇದೆ!
— ಓದುಗರು, ಮೈಸೂರು

ಉತ್ತರ: ಇಲ್ಲಿ ಪ್ರೊಸೆಸರನ್ನೇ ಅನುಮಾನಿಸಬೇಕು. ಗೇಮ್ ಶುರುವಾಗುವಾಗ ಶೇಡರ್ (ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಮು) ಬಿಡಿಸುವ ಕೆಲಸ ಮಾಡುವುದು ಪ್ರೊಸೆಸರ್, ಅದು ತಪ್ಪಿದರೂ ದೂರು ಹೋಗುವುದು ಕಾರ್ಡಿನ ಹೆಸರಿಗೆ. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಹಲವು ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಅತಿಯಾದ ವೋಲ್ಟೇಜಿನಿಂದ ಚಿಪ್ಪೇ ಸವೆಯುವ ದೋಷವಿತ್ತು. 2024ರ ಆಗಸ್ಟಿನಲ್ಲಿ 0ಎಕ್ಸ್129, ಸೆಪ್ಟೆಂಬರಿನಲ್ಲಿ 0ಎಕ್ಸ್12ಬಿ ಎಂಬ, ಇದನ್ನು ತಡೆಯುವ ಮೈಕ್ರೋಕೋಡ್‌ಗಳು (ಪ್ರೊಸೆಸರಿನ ಒಳ ತಂತ್ರಾಂಶ) ಬಂದವು. ಇವನ್ನು ಒಳಗೊಂಡ ಹೊಸ ಬಯಾಸ್ ಹಾಕಿ, ‘ಇಂಟೆಲ್ ಡಿಫಾಲ್ಟ್ ಸೆಟ್ಟಿಂಗ್ಸ್’ ಆರಿಸಿ, ಎಕ್ಸ್‌ಎಂಪಿ (ಎಕ್ಸ್‌ಪೋದಂಥದೇ ಇಂಟೆಲ್ ಆಯ್ಕೆ) ಆಫ್ ಮಾಡಿ ಪರೀಕ್ಷಿಸಿ. ಆಮೇಲೂ ಬೀಳುತ್ತಿದ್ದರೆ ಚಿಪ್ ಆಗಲೇ ಸವೆದಿದೆ, ಯಾವ ಅಪ್‌ಡೇಟೂ ಅದನ್ನು ಮರಳಿಸದು. ಬಾಕ್ಸಿನಲ್ಲಿ ಬಂದ ಈ ಚಿಪ್‌ಗಳ ವಾರಂಟಿಯನ್ನು ಇಂಟೆಲ್ ಎರಡು ವರ್ಷ ಹೆಚ್ಚಿಸಿ ಐದು ವರ್ಷ ಮಾಡಿದೆ. ಬಿಲ್ ಮತ್ತು ಬಾಕ್ಸಿನ ಮೇಲಿನ ಸೀರಿಯಲ್ ನಂಬರ್ ಇಟ್ಟುಕೊಂಡು ಇಂಟೆಲ್ ಸಪೋರ್ಟಿಗೆ ಅರ್ಜಿ ಹಾಕಿ. ಬಾಕ್ಸಿಲ್ಲದೆ ಬಿಡಿಯಾಗಿ ಕೊಂಡಿದ್ದರೆ ಅಂಗಡಿಯವರನ್ನೇ ಕೇಳಬೇಕು.