ರೈಲು ನಿಲ್ಲಿಸಿದ್ದಿರಲಿ, ಜಾಗ ಮಾರಿದ್ದೇಕೆ? – ಐರ್ಲೆಂಡಿನಿಂದ ಬಂದ ಪತ್ರಕ್ಕೆ ಸಂಪಾದಕರ ಉತ್ತರ

ಡಬ್ಲಿನ್‌ನಲ್ಲಿ ಕೆಲಸದಲ್ಲಿರುವ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ರಜೆಯಲ್ಲಿ ಮನೆಮಂದಿಯೆಲ್ಲ ವೆಸ್ಟ್‌ಪೋರ್ಟ್‌ನಿಂದ ಅಕಿಲ್‌ವರೆಗೆ ಸೈಕಲ್‌ನಲ್ಲಿ ಹೋದೆವು. ದಾರಿ ಬಹಳ ಚೆನ್ನಾಗಿದೆ. ಆದರೆ ಅದು ಹಳೇ ರೈಲು ದಾರಿಯಂತೆ. ಸ್ಟೇಷನ್ ಕಟ್ಟಡ, ಕಲ್ಲಿನ ಸೇತುವೆ ಎಲ್ಲಾ ಹಾಗೇ ಇವೆ, ಹಳಿ ಮಾತ್ರ ಇಲ್ಲ. ಬ್ರಿಟಿಷರ ಕಾಲದಲ್ಲಿ ಹಾಕಿದ ಹಳಿಯನ್ನು ಸ್ವತಂತ್ರ ಐರ್ಲೆಂಡ್ ಯಾಕೆ ಕಿತ್ತುಹಾಕಿತು? ಆಫೀಸಿನಲ್ಲಿ ಕೇಳಿದರೆ ಎಲ್ಲರೂ ಟಾಡ್ ಆಂಡ್ರೂಸ್ ಅಂತ ಒಬ್ಬರ ಹೆಸರು ಹೇಳುತ್ತಾರೆ. ಒಬ್ಬ ಮನುಷ್ಯ ಇಷ್ಟೆಲ್ಲಾ ಮಾಡೋಕೆ ಸಾಧ್ಯವಾ? ಅಕಿಲ್‌ಗೆ ಮತ್ತೆ ರೈಲು ಬರುತ್ತಾ?"

ಆಂಡ್ರೂಸ್ ಅಂದರೆ 1958ರಲ್ಲಿ ಐರ್ಲೆಂಡಿನ ಸರ್ಕಾರಿ ಸಾರಿಗೆ ಸಂಸ್ಥೆಗೆ ಅಧ್ಯಕ್ಷರಾದವರು. ಇಷ್ಟೆಲ್ಲಾ ಒಬ್ಬರಿಂದ ಸಾಧ್ಯವಿಲ್ಲ. ಆದರೂ ನಿಮ್ಮ ಆಫೀಸಿನವರ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪಶ್ಚಿಮ ಕರಾವಳಿಯಲ್ಲಿ ನೀವು ಸೈಕಲ್ ಹೊಡೆದ ದಾರಿಯಿಂದಲೇ ಶುರು ಮಾಡೋಣ. ಆ ಲೈನು ಪೂರ್ತಿಯಾಗಿ ತೆರೆದದ್ದು 1895ರಲ್ಲಿ. ಅದಕ್ಕೆ ಮೊದಲೇ, 1894ರ ಜೂನ್‌ನಲ್ಲಿ ಅದರ ಮೇಲೆ ಒಂದು ವಿಶೇಷ ರೈಲು ಓಡಿತು. ಸ್ಕಾಟ್ಲೆಂಡಿಗೆ ಕೂಲಿಗೆ ಹೊರಟಿದ್ದ ಅಕಿಲ್‌ನ ಹುಡುಗ ಹುಡುಗಿಯರು ಹಡಗು ಹತ್ತಲು ದೋಣಿಯಲ್ಲಿ ವೆಸ್ಟ್‌ಪೋರ್ಟ್‌ಗೆ ಬರುತ್ತಿದ್ದಾಗ ದೋಣಿ ಮಗುಚಿತು. 32 ಜನ ಮುಳುಗಿ ಸತ್ತರು. ಅವರ ಹೆಣಗಳನ್ನು ಊರಿಗೆ ತಂದದ್ದು ಆ ರೈಲು. ಮುಂದೆ 1937ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಕರ್ಕಿಂಟಿಲಾಕ್ ಎಂಬಲ್ಲಿ ಆಲೂಗಡ್ಡೆ ಅಗೆಯಲು ಹೋಗಿದ್ದ ಅಕಿಲ್ ಕಡೆಯ 10 ಹುಡುಗರು, ಮಲಗಿದ್ದ ಶೆಡ್ಡಿಗೆ ಬೆಂಕಿ ಬಿದ್ದು ತೀರಿಕೊಂಡರು. ಅವರನ್ನು ತಂದದ್ದೂ ಇದೇ ಲೈನಿನ ರೈಲು. ಆ ತಿಂಗಳು ಮುಗಿಯುವಷ್ಟರಲ್ಲಿ ಲೈನನ್ನೇ ಮುಚ್ಚಿದರು. ಇದೆಲ್ಲ ಹೀಗೇ ಆಗುತ್ತದೆ ಅಂತ ಯಾರೋ ಮುಂಚೆಯೇ ಭವಿಷ್ಯ ನುಡಿದಿದ್ದರು ಅನ್ನೋ ಕಥೆ ಅಲ್ಲಿದೆ. ಅದು ಹಾಗಿರಲಿ. ನನಗೆ ಮುಖ್ಯ ಅನ್ನಿಸುವುದು ಬೇರೆ. ಎರಡೂ ಸಲ ಸತ್ತವರು ಕೂಲಿಗಾಗಿ ಊರು ಬಿಟ್ಟವರು. ಈ ಲೈನು ಊರಿಗೆ ಸಾಮಾನು ತಂದದ್ದಕ್ಕಿಂತ ಊರಿನಿಂದ ಜನರನ್ನು ಆಚೆ ಕಳಿಸಿದ್ದೇ ಜಾಸ್ತಿ.

ಐರ್ಲೆಂಡಿನ ರೈಲಿನ ಮೂಲ ಕಷ್ಟ ಇಲ್ಲೇ ಇದೆ. 1841ರಲ್ಲಿ ಇಡೀ ದ್ವೀಪದ ಜನಸಂಖ್ಯೆ ಸುಮಾರು 82 ಲಕ್ಷ. ಆಮೇಲೆ ಆಲೂಗಡ್ಡೆ ಬೆಳೆಗೆ ರೋಗ ಬಂತು, ಬರಗಾಲ ಬಂತು, ಜನ ಅಮೆರಿಕಕ್ಕೂ ಇಂಗ್ಲೆಂಡಿಗೂ ಗುಳೆ ಹೋದರು. 1911ರ ಹೊತ್ತಿಗೆ ಉಳಿದವರು ಸುಮಾರು 44 ಲಕ್ಷ. ಅಷ್ಟೂ ವರ್ಷ ಒಂದು ಕಡೆ ಜನ ಖಾಲಿಯಾಗುತ್ತಿದ್ದರು, ಇನ್ನೊಂದು ಕಡೆ ಹಳಿ ಬೆಳೆಯುತ್ತಲೇ ಇತ್ತು. 1920ರ ಸುಮಾರಿಗೆ 5,500 ಕಿಲೋಮೀಟರ್ ಆಗಿತ್ತು. ಕೂರುವವರು ಕಡಿಮೆಯಾಗುತ್ತಿದ್ದ ದೇಶದಲ್ಲಿ ಸೀಟು ಹೆಚ್ಚಿಸುತ್ತಾ ಹೋದರು, ಅಷ್ಟೇ.

ಶುರುವಾದದ್ದು ಮಾತ್ರ ಭರ್ಜರಿಯಾಗಿಯೇ. ಡಬ್ಲಿನ್‌ನಿಂದ ಕಿಂಗ್ಸ್‌ಟೌನ್‌ಗೆ, ಅಂದರೆ ಇವತ್ತಿನ ಡನ್ ಲಿಯರಿಗೆ, 1834ರ ಡಿಸೆಂಬರ್‌ನಲ್ಲೇ ರೈಲು ಓಡಿತು. ನಮ್ಮಲ್ಲಿ ಬೋರಿಬಂದರ್‌ನಿಂದ ಠಾಣೆಗೆ ರೈಲು ಬಂದದ್ದು 1853ರಲ್ಲಿ. ಡಬ್ಲಿನ್ ಲೈನನ್ನು ಕಟ್ಟಿದ ಕಂಟ್ರಾಕ್ಟರ್ ವಿಲಿಯಂ ಡಾರ್ಗನ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಬರುತ್ತದೆ. ಆ ಕಾಲದಲ್ಲಿ ಒಂದೊಂದು ಕಂಪನಿಗೆ ಒಂದೊಂದು ಗೇಜ್. ಕೊನೆಗೆ ಸರ್ಕಾರ ಮಧ್ಯೆ ಬಂದು 5 ಅಡಿ 3 ಅಂಗುಲ ಅಂತ ಗೊತ್ತು ಮಾಡಿತು. ನಮ್ಮ ಬ್ರಾಡ್‌ಗೇಜ್‌ಗಿಂತ 3 ಅಂಗುಲ ಕಡಿಮೆ. ಬ್ರಿಟನ್ನಿನ ಗಾಡಿಗಳಂತೂ ಅದರ ಮೇಲೆ ಓಡುವ ಹಾಗೇ ಇರಲಿಲ್ಲ.

ಎಡವಟ್ಟು ಆದದ್ದು 1883ರ ನಂತರ. ಬಡ ಸೀಮೆಗಳಿಗೂ ರೈಲು ಬರಲಿ ಅಂತ ಒಂದು ಕಾಯ್ದೆ ತಂದರು. ಕಂಪನಿಗೆ ಲಾಭ ಬರದಿದ್ದರೆ ಷೇರುದಾರರ ಡಿವಿಡೆಂಡನ್ನು ಆ ಸೀಮೆಯ ಜನ ತೆರಿಗೆ ಕಟ್ಟಿ ತುಂಬಿಕೊಡಬೇಕು. ಇಂಥ ಗ್ಯಾರಂಟಿ ಸಿಕ್ಕಮೇಲೆ ಯಾರಿಗೆ ಬೇಡ? 3 ಅಡಿ ಅಗಲದ ಪುಟ್ಟ ಲೈನುಗಳು ಎಲ್ಲೆಲ್ಲೂ ಎದ್ದವು. ಕೋಲಾರದ ಕಡೆಯ ಹಳಬರಿಗೆ ನ್ಯಾರೋ ಗೇಜ್ ಅಂದರೆ ಕಣ್ಣಿಗೆ ಕಟ್ಟುತ್ತದೆ. ಅದಕ್ಕಿಂತ ಇದು ಅರ್ಧ ಅಡಿ ಅಗಲ. ಲೈನು ಹಾಕುವಾಗ ಸೀಮೆಯವರಿಗೆ ಹಬ್ಬ, ಆಮೇಲೆ ವರ್ಷಾ ವರ್ಷಾ ಬಿಲ್ಲು.

ಅವುಗಳಲ್ಲಿ ವೆಸ್ಟ್ ಕ್ಲೇರ್ ರೈಲ್ವೆಯ ಕಥೆಯೊಂದನ್ನು ಹೇಳಲೇಬೇಕು. ಎನ್ನಿಸ್‌ನಿಂದ ಅಟ್ಲಾಂಟಿಕ್ ದಂಡೆಗೆ ಹೋಗುವ ಲೈನು, 1887ರಲ್ಲಿ ಶುರು. ಸಮುದ್ರದ ಗಾಳಿ ಅಲ್ಲಿ ಬೋಗಿಗಳನ್ನೇ ಉರುಳಿಸುವಷ್ಟು ಜೋರು. ಅದಕ್ಕೆ ಕ್ವಿಲ್ಟಿ ಸ್ಟೇಷನ್ನಿನಲ್ಲಿ ಗಾಳಿ ಅಳೆಯುವ ಯಂತ್ರ ಇಟ್ಟರು. ಗಾಳಿ 60 ಮೈಲಿ ವೇಗ ದಾಟಿದರೆ ಗಂಟೆ ಬಾರಿಸುತ್ತಿತ್ತು. ಆಗ ಭಾರ ಹೇರಿದ ಬೋಗಿಗಳನ್ನು ಮಾತ್ರ ಬಿಡಬೇಕು. 80 ದಾಟಿದರೆ ರೈಲೇ ಬಂದ್. ಗಾಳಿ ಇಲ್ಲದ ದಿನ ಸರಿಯಾಗಿ ಓಡುತ್ತಿತ್ತಾ ಅಂದರೆ ಅದೂ ಇಲ್ಲ. 1896ರಲ್ಲಿ ಕಿಲ್ಕೀ ಊರಿಗೆ ಕಾರ್ಯಕ್ರಮ ಕೊಡಲು ಹೊರಟಿದ್ದ ಒಬ್ಬ ಹಾಸ್ಯ ಹಾಡುಗಾರ ದಾರಿಯಲ್ಲೇ ಸಿಕ್ಕಿಕೊಂಡ. ಇಂಜಿನ್ನಿಗೆ ತುಂಬಿದ ನೀರಿನಲ್ಲಿ ಕಳೆ ಸೇರಿಕೊಂಡಿತ್ತು! ಆತ ಕೋರ್ಟಿಗೆ ಹೋಗಿ 10 ಪೌಂಡ್ ಪರಿಹಾರ ಗೆದ್ದ. ಅಷ್ಟಕ್ಕೇ ಬಿಡದೆ ಆ ರೈಲನ್ನು ಆಡಿಕೊಂಡು ಒಂದು ಹಾಡನ್ನೂ ಕಟ್ಟಿದ. ಐರ್ಲೆಂಡಿನಲ್ಲಿ ಈಗಲೂ ಆ ಹಾಡು ಗೊತ್ತಿಲ್ಲದವರು ಕಡಿಮೆ. 1950ರ ದಶಕದಲ್ಲಿ ಈ ಲೈನಿಗೆ ಡೀಸೆಲ್ ಗಾಡಿಗಳನ್ನೂ ತಂದರು. ಆದರೂ ಉಳಿಯಲಿಲ್ಲ, 1961ರ ಜನವರಿ 31ಕ್ಕೆ ಮುಗಿಯಿತು.

ಅಂದರೆ ಆಂಡ್ರೂಸ್ ಬರುವುದಕ್ಕೆ ಮೊದಲೇ ಅರ್ಧ ಲೈನುಗಳ ಲೆಕ್ಕ ತಪ್ಪಿತ್ತು. ಅದರ ಮೇಲೆ ಇನ್ನೂ ಎರಡು ಪೆಟ್ಟು ಬಿದ್ದವು.

ಒಂದು, ಗಡಿ. ದಕ್ಷಿಣ ಐರ್ಲೆಂಡ್ ಸ್ವತಂತ್ರವಾಯಿತು, ಉತ್ತರ ಐರ್ಲೆಂಡ್ ಬ್ರಿಟನ್ನಿನ ಕೆಳಗೇ ಉಳಿಯಿತು. 1922–23ರ ಅಂತರ್ಯುದ್ಧದಲ್ಲಿ ಸೇತುವೆಗಳನ್ನು ಸಿಡಿಸಿದರು. ಕಾರ್ಕ್ ದಾರಿಯ ಮ್ಯಾಲೋ ಸೇತುವೆ ಬಿದ್ದಾಗ ಮುಖ್ಯ ಲೈನೇ ತುಂಡಾಯಿತು. ಅದನ್ನೇನೋ ಮತ್ತೆ ಕಟ್ಟಿದರು. ಗಡಿಯನ್ನು ಏನೂ ಮಾಡೋ ಹಾಗಿರಲಿಲ್ಲ. 1923ರ ಏಪ್ರಿಲ್ 1ರಿಂದ ಉತ್ತರಕ್ಕೂ ದಕ್ಷಿಣಕ್ಕೂ ನಡುವೆ ಸುಂಕದ ಚೌಕಿ ಬಂತು. ಗ್ರೇಟ್ ನಾರ್ದರ್ನ್ ಕಂಪನಿಯ ಹಳಿಗಳು ಈ ಗಡಿಯನ್ನು ಎಷ್ಟೋ ಕಡೆ ದಾಟುತ್ತಿದ್ದವು. ಕ್ಲೋನ್ಸ್‌ನಿಂದ ಕ್ಯಾವನ್‌ಗೆ ಹೋಗುವಾಗಂತೂ ಸ್ವಲ್ಪ ದೂರದಲ್ಲೇ ಹಲವು ಸಲ ದೇಶ ಬದಲಾಗುತ್ತಿತ್ತು. ದಿನಸಿ, ದನಕರು ಎಲ್ಲದಕ್ಕೂ ತಪಾಸಣೆ. ಎರಡನೇ ಮಹಾಯುದ್ಧದ ಹೊತ್ತಿಗೆ ದಕ್ಷಿಣದ ಬೆಣ್ಣೆ ಉತ್ತರಕ್ಕೆ, ಉತ್ತರದ ಟೀಪುಡಿ ದಕ್ಷಿಣಕ್ಕೆ ಕಳ್ಳತನದಲ್ಲಿ ಹೋಗುತ್ತಿತ್ತು. ಆ ರೈಲುಗಳಿಗೆ ಆಗ ಇದ್ದ ಗಿರಾಕಿ ಯಾವ ಕಾಲದಲ್ಲೂ ಇರಲಿಲ್ಲವೇನೋ!

ಎರಡನೇ ಪೆಟ್ಟು ಕಲ್ಲಿದ್ದಲು. ಐರ್ಲೆಂಡಿನಲ್ಲಿ ಹೇಳಿಕೊಳ್ಳುವಂಥ ಕಲ್ಲಿದ್ದಲು ಇಲ್ಲ. ಎಲ್ಲಾ ಬ್ರಿಟನ್ನಿನಿಂದ ಬರಬೇಕು. ಯುದ್ಧ ಶುರುವಾದ ಮೇಲೆ ತಟಸ್ಥ ದೇಶಕ್ಕೆ ಕಲ್ಲಿದ್ದಲು ಕೊಡೋರು ಯಾರು? ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಉರಿಸಿದರು, ಕಲ್ಲಿದ್ದಲಿನ ಪುಡಿಯನ್ನು ಉಂಡೆ ಕಟ್ಟಿ ಉರಿಸಿದರು. ಇಂಜಿನ್ ಒಲೆ ಬೂದಿ ಕಟ್ಟಿಕೊಂಡು ಅಲ್ಲಲ್ಲೇ ನಿಲ್ಲುತ್ತಿತ್ತು. ಒಲೆ ತೋಡಿ, ಮತ್ತೆ ಬೆಂಕಿ ಹಚ್ಚಿ, ಮುಂದಕ್ಕೆ ಹೋಗಬೇಕು. ಕೆಲವು ಗಂಟೆಯ ದಾರಿಗೆ ಇಡೀ ದಿನ ಹಿಡಿದದ್ದುಂಟು. ಬಾಂಬಿನಿಂದಲ್ಲ, ಕಲ್ಲಿದ್ದಲಿಲ್ಲದೆ ಸೊರಗಿದ ರೈಲ್ವೆ ಇದು. ತಮಾಷೆ ಏನಪ್ಪಾ ಅಂದರೆ ಇದಕ್ಕೆ ಮದ್ದು ಅವರ ಕೈಯಲ್ಲೇ ಇತ್ತು. ಜೇಮ್ಸ್ ಡ್ರಮ್ ಎಂಬ ಡಬ್ಲಿನ್ನಿನ ರಸಾಯನಶಾಸ್ತ್ರಜ್ಞ ಮಾಡಿದ ಬ್ಯಾಟರಿಯಲ್ಲಿ 1932ರಿಂದಲೇ ಡಬ್ಲಿನ್–ಬ್ರೇ ನಡುವೆ ರೈಲು ಓಡುತ್ತಿತ್ತು. ಶಾನನ್ ನದಿಯ ಜಲವಿದ್ಯುತ್ ಇತ್ತು, ಕಲ್ಲಿದ್ದಲು ಬೇಕಿರಲಿಲ್ಲ. ಆದರೆ ಅದನ್ನು ಬೆಳೆಸುವ ಮನಸ್ಸು ಯಾರಿಗೂ ಬರಲಿಲ್ಲ. 1949ಕ್ಕೆ ನಿಲ್ಲಿಸಿದರು. ಈಗ ಡಬ್ಲಿನ್–ಡ್ರೋಹೆಡಾ ದಾರಿಗೆ ಮತ್ತೆ ಬ್ಯಾಟರಿ ರೈಲುಗಳನ್ನೇ ಆರ್ಡರ್ ಮಾಡಿದ್ದಾರೆ.

ಬಸ್ಸು, ಲಾರಿ ಬಂದದ್ದು, ಅವು ಗಿರಾಕಿ ಕಿತ್ತುಕೊಂಡದ್ದು ಎಲ್ಲಾ ದೇಶದ ಕಥೆಯೇ. ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆಂಡ್ರೂಸ್ ವಿಷಯಕ್ಕೆ ಬರೋಣ. ಟಾಡ್ ಆಂಡ್ರೂಸ್ ಸ್ವಾತಂತ್ರ್ಯ ಹೋರಾಟಗಾರ. ಪೀಟ್ ತೆಗೆಯುವ ಸರ್ಕಾರಿ ಸಂಸ್ಥೆಯನ್ನು ಕಟ್ಟಿ ಬೆಳೆಸಿ ಹೆಸರು ಮಾಡಿದವರು. 1958ರಲ್ಲಿ ಸಿಐಇ ಎಂಬ ಸರ್ಕಾರಿ ಸಾರಿಗೆ ಸಂಸ್ಥೆಗೆ ಅಧ್ಯಕ್ಷರಾದರು. ಅದೇ ವರ್ಷ ಬಂದ ಕಾಯ್ದೆ ಎರಡು ಮಾತು ಹೇಳಿತ್ತು. ಕೆಲವೇ ವರ್ಷದಲ್ಲಿ ನಷ್ಟ ನಿಲ್ಲಬೇಕು. ಬೇಡದ ಲೈನು ಮುಚ್ಚಲು ಸಂಸ್ಥೆಗೆ ಪೂರ್ತಿ ಸ್ವಾತಂತ್ರ್ಯ. ಕತ್ತರಿಯನ್ನು ಕೈಗೆ ಕೊಟ್ಟದ್ದು ಸರ್ಕಾರ, ಕತ್ತರಿಸಿದ್ದು ಇವರು. ಆಗ ದಕ್ಷಿಣದ ಸ್ವತಂತ್ರ ದೇಶದಲ್ಲಿ ಉಳಿದಿದ್ದವರು ಸುಮಾರು 28 ಲಕ್ಷ ಜನ. ಹಾಗಾಗಿ ಅವರು ಮುಚ್ಚಿದ ಎಷ್ಟೋ ಹಳ್ಳಿ ಲೈನುಗಳ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಬೇರೆ ಯಾರು ಆ ಕುರ್ಚಿಯಲ್ಲಿ ಕೂತಿದ್ದರೂ ಅದನ್ನೇ ಮಾಡುತ್ತಿದ್ದರು.

ತಕರಾರು ಇರುವುದು ಹಾರ್ಕೋರ್ಟ್ ಸ್ಟ್ರೀಟ್ ಲೈನಿನ ಬಗ್ಗೆ. ಡಬ್ಲಿನ್ ನಗರದಿಂದ ಡಂಡ್ರಮ್ ಮೇಲೆ ಬ್ರೇಗೆ ಹೋಗುತ್ತಿದ್ದ ದಾರಿ ಅದು. ಸಮುದ್ರದ ಪಕ್ಕ ಬ್ರೇಗೆ ಇನ್ನೊಂದು ಲೈನು ಇದೆಯಲ್ಲ, ಎರಡೆರಡು ಯಾಕೆ ಅಂದರು. 1958ರ ಡಿಸೆಂಬರ್ 31ಕ್ಕೆ ಕೊನೆಯ ರೈಲು. ಸರಿ, ನಿಲ್ಲಿಸಿದರು. ಆದರೆ ಸುಮ್ನೆ ಬೀಗ ಹಾಕಿ ಬಿಡಬಹುದಿತ್ತಲ್ಲ? ಬಿಡಲಿಲ್ಲ. ಹಳಿ ಎತ್ತಿದರು, ಜಾಗವನ್ನು ತುಂಡು ತುಂಡಾಗಿ ಮಾರಿದರು. ಮುಂದೆ ಡಂಡ್ರಮ್, ಸ್ಯಾಂಡಿಫರ್ಡ್ ಕಡೆಯೇ ಊರು ಬೆಳೆಯಿತು, ರಸ್ತೆಯಲ್ಲಿ ಕಾರು ತುಂಬಿತು. ಕೊನೆಗೆ 2004ರಲ್ಲಿ ಅದೇ ದಾರಿಯಲ್ಲಿ ಲುವಾಸ್ ಟ್ರಾಮ್ ತಂದರು. ಅಷ್ಟರಲ್ಲಿ ಡಂಡ್ರಮ್‌ನ ಹಳೇ ರೈಲು ಸೇತುವೆಯನ್ನು ಕೆಡವಿಯಾಗಿತ್ತು. ಕಂಬಕ್ಕೆ ಉಕ್ಕಿನ ಹಗ್ಗ ಕಟ್ಟಿ ನಿಲ್ಲಿಸಿದ ಹೊಸ ಸೇತುವೆ ಕಟ್ಟಬೇಕಾಯಿತು. ಅದಕ್ಕೆ ಇಟ್ಟ ಹೆಸರು ವಿಲಿಯಂ ಡಾರ್ಗನ್ ಸೇತುವೆ! ನೀವು ಗ್ರೀನ್ ಲೈನಿನಲ್ಲಿ ಅದರ ಮೇಲೆ ಓಡಾಡಿಯೇ ಇರುತ್ತೀರಿ. ಸ್ಯಾಂಡಿಫರ್ಡ್ ಆಚೆಗೆ ಟ್ರಾಮ್ ಮುಂದುವರಿಸುವಾಗ ಹಳೇ ದಾರಿಯ ಮೇಲೆ ಅಲ್ಲಲ್ಲಿ ಕಟ್ಟಡ ಎದ್ದಿದ್ದವು. ಹಾಗಾಗಿ ಸುತ್ತಿ ಬಳಸಿ ಹೋಗಬೇಕಾಯಿತು.

ಇದಕ್ಕೆ ಉಲ್ಟಾ ಉದಾಹರಣೆಯೂ ಅಲ್ಲೇ ಇದೆ. ಪಶ್ಚಿಮದಲ್ಲಿ ಎನ್ನಿಸ್‌ನಿಂದ ಅಥೆನ್ರೈಗೆ ಹೋಗುವ ಲೈನಿನಲ್ಲಿ 1976ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಆದರೆ ಹಳಿಯನ್ನು ಎತ್ತಲಿಲ್ಲ, ಜಾಗ ಮಾರಲಿಲ್ಲ. 2010ರಲ್ಲಿ ಮತ್ತೆ ರೈಲು ಬಂತು. ಕಾರ್ಕ್ ಹತ್ತಿರದ ಮಿಡಲ್ಟನ್‌ಗೂ 2009ರಲ್ಲಿ ಹೀಗೇ ವಾಪಸ್ ಬಂತು. ರೈಲು ನಿಲ್ಲಿಸುವುದು ಆ ವರ್ಷದ ಲೆಕ್ಕ. ಜಾಗ ಮಾರುವುದು ಮೊಮ್ಮಕ್ಕಳ ಲೆಕ್ಕ. ಆಂಡ್ರೂಸ್ ಅವರನ್ನು ಬೈಯಬೇಕಾದರೆ ಎರಡನೆಯದಕ್ಕೆ ಬೈಯಿರಿ. ನಿಮ್ಮ ಆಫೀಸಿನವರ ಅರ್ಧ ನಿಜ ಅಂದೆನಲ್ಲ, ಅದು ಇದೇ.

ಇನ್ನೊಂದು ಮಾತು ಸೇರಿಸದಿದ್ದರೆ ಅನ್ಯಾಯ. ಹಳಿ ಕಿತ್ತದ್ದರಲ್ಲಿ ಬ್ರಿಟನ್ನಿನ ಕೆಳಗೇ ಉಳಿದ ಉತ್ತರ ಐರ್ಲೆಂಡ್ ಹಿಂದೆ ಬೀಳಲಿಲ್ಲ. 1957ರಲ್ಲಿ ತಮ್ಮ ಕಡೆಯ ಪಶ್ಚಿಮದ ಲೈನುಗಳನ್ನು ಮುಚ್ಚಿಬಿಟ್ಟರು. ದಕ್ಷಿಣದ ಕಡೆಯ ಹಳಿ ಗಡಿವರೆಗೆ ಬಂದು ನಿಂತು ಕೆಲಸಕ್ಕೆ ಬಾರದ ಹಾಗಾಯಿತು. ನಾಲ್ಕು ದಿಕ್ಕಿಗೂ ರೈಲು ಹೋಗುತ್ತಿದ್ದ ಕ್ಲೋನ್ಸ್ ಜಂಕ್ಷನ್ ಖಾಲಿಯಾಯಿತು. 1965ರಲ್ಲಿ ಪೋರ್ಟಡೌನ್–ಡೆರಿ ಲೈನೂ ಹೋಯಿತು. ದಕ್ಷಿಣದ ದೇಶಕ್ಕೇ ಸೇರಿದ ಡೊನೆಗಲ್ ಕೌಂಟಿಯಲ್ಲಿ ಈಗ ಮಾಮೂಲಿ ಪ್ರಯಾಣಿಕರ ರೈಲು ಸೇವೆಯೇ ಇಲ್ಲ. ಅಲ್ಲಿ ಓಡುತ್ತಿದ್ದ ಲಫ್ ಸ್ವಿಲಿ ರೈಲ್ವೆ ಕಂಪನಿಯದು ಇನ್ನೂ ಮಜಾ. 1953ರಲ್ಲಿ ರೈಲು ನಿಲ್ಲಿಸಿದ ಮೇಲೂ ಅದೇ ಹೆಸರಿನಲ್ಲಿ 2014ರವರೆಗೆ ಬಸ್ಸು ಓಡಿಸಿತು. ಹಾಗಾಗಿ "ಸ್ವತಂತ್ರ ದೇಶ ಕಿತ್ತುಹಾಕಿತು" ಅನ್ನೋ ಮಾತು ಪೂರ್ತಿ ಸರಿಯಲ್ಲ. ಎರಡೂ ಸರ್ಕಾರಗಳು ಒಂದೇ ಕಾಲದಲ್ಲಿ ಒಂದೇ ಕೆಲಸ ಮಾಡಿದವು.

ಕೊನೆಯ ಪ್ರಶ್ನೆ, ಅಕಿಲ್‌ಗೆ ರೈಲು. 2024ರಲ್ಲಿ ಎರಡೂ ಸರ್ಕಾರ ಸೇರಿ ಇಡೀ ದ್ವೀಪದ ರೈಲಿನ ಬಗ್ಗೆ ಒಂದು ವರದಿ ತಂದಿವೆ. ಪೋರ್ಟಡೌನ್‌ನಿಂದ ಡೆರಿಗೆ, ಅಲ್ಲಿಂದ ಡೊನೆಗಲ್‌ನ ಲೆಟರ್‌ಕೆನಿಗೆ, ಅಥೆನ್ರೈನಿಂದ ಕ್ಲೇರ್‌ಮಾರಿಸ್‌ಗೆ ಮತ್ತೆ ರೈಲು ತರಬೇಕು ಅನ್ನುವ ಶಿಫಾರಸು ಅದರಲ್ಲಿದೆ. ಅಕಿಲ್ ಅದರಲ್ಲಿಲ್ಲ, ಇರಬೇಕಾದ ಕಾರಣವೂ ನನಗೆ ಕಾಣುವುದಿಲ್ಲ. ಆ ದಾರಿಯಲ್ಲಿ ರೈಲು ಓಡುತ್ತಿದ್ದಾಗ ಬಾರದಿದ್ದಷ್ಟು ಜನ ಈಗ ಸೈಕಲ್ ಹಿಡಿದು ಬರುತ್ತಿರಬಹುದು. ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್ನಿನಿಂದ ವೆಸ್ಟ್‌ಪೋರ್ಟ್‌ವರೆಗೆ ಮಾತ್ರ ರೈಲು ಈಗಲೂ ಇದೆ. ಮುಂದಿನ ರಜೆಗೆ ಕಾರು ಬಿಟ್ಟು ಅದರಲ್ಲೇ ಹೋಗಿ. ಸೈಕಲ್ ತಗೊಂಡು ಹೋಗುವುದಾದರೆ ಜಾಗವನ್ನು ಮುಂಚೆಯೇ ಬುಕ್ ಮಾಡಿ, ಒಂದು ರೈಲಿನಲ್ಲಿ ಕೆಲವೇ ಸೈಕಲ್‌ಗಳಿಗೆ ಜಾಗ ಇರುತ್ತದೆ.

– ಸಂಪಾದಕ