ಸಮವಸ್ತ್ರ ಬೇಕು, ಶಿರವಸ್ತ್ರ ಬೇಡವೇ?

ಪ್ರಶ್ನೆ: ಶಾಲೆ, ಕಚೇರಿಗಳಲ್ಲಿ ಎಲ್ಲರೂ ಸಮಾನರಾಗಿ ಕಾಣಬೇಕಾದರೆ ಧಾರ್ಮಿಕ ಉಡುಪನ್ನು ಸರ್ಕಾರ ನಿರ್ಬಂಧಿಸುವುದರಲ್ಲಿ ತಪ್ಪೇನಿದೆ? ಫ್ರಾನ್ಸ್‌ನಲ್ಲಿ ಹಾಗೆಯೇ ಮಾಡಿದ್ದಾರಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಫ್ರಾನ್ಸ್‌ನ 2004ರ ಕಾನೂನು ಸರ್ಕಾರಿ ಶಾಲೆಗಳ ಮಕ್ಕಳಿಗಷ್ಟೇ ಸಂಬಂಧಿಸಿದ್ದು, ಅಲ್ಲಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಅದು ಅನ್ವಯಿಸುವುದಿಲ್ಲ. ಆ ಕಾನೂನಿನಡಿ ಸಿಖ್ ಹುಡುಗರ ಪೇಟಕ್ಕೂ ಅವಕಾಶವಿಲ್ಲದಾಯಿತು. ನಮ್ಮ ಸಂವಿಧಾನವಾದರೋ ಧಾರ್ಮಿಕ ಸ್ವಾತಂತ್ರ್ಯದ 25ನೆಯ ವಿಧಿಯ ವಿವರಣೆಯಲ್ಲಿಯೇ ಸಿಖ್ಖರು ಧರಿಸುವ ಕಿರುಗತ್ತಿ ಕಿರ್ಪಾಣನ್ನು ಹೆಸರಿಸಿ ಮಾನ್ಯ ಮಾಡಿದೆ. ಆದ್ದರಿಂದ ಅಲ್ಲಿನ ಅಳತೆಗೋಲು ಇಲ್ಲಿಗೆ ಹೊಂದುವುದಿಲ್ಲ.

ಉಡುಪಿಯ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ವಿವಾದದಲ್ಲಿ, ನಿಗದಿತ ಸಮವಸ್ತ್ರವನ್ನೇ ತೊಡಬೇಕೆಂಬ 2022ರ ಫೆಬ್ರವರಿ 5ರ ಸರ್ಕಾರಿ ಆದೇಶವನ್ನು ರಾಜ್ಯ ಹೈಕೋರ್ಟ್ ಮಾರ್ಚ್ 15ರಂದು ಎತ್ತಿಹಿಡಿಯಿತು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಆದ್ದರಿಂದ ಅದಕ್ಕೆ 25ನೆಯ ವಿಧಿಯ ರಕ್ಷಣೆಯಿಲ್ಲ ಎಂಬುದು ಅದಕ್ಕೆ ಕೊಟ್ಟ ಮುಖ್ಯ ಕಾರಣ. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು: ಹೇಮಂತ್ ಗುಪ್ತಾ ಅವರು ಮೇಲ್ಮನವಿಗಳನ್ನು ವಜಾಗೊಳಿಸಿದರೆ, ಸುಧಾಂಶು ಧುಲಿಯಾ ಅವರು ಇದು ಅತ್ಯಗತ್ಯ ಆಚರಣೆಯ ಪ್ರಶ್ನೆಯೇ ಅಲ್ಲ, ಹೆಣ್ಣುಮಗಳ ಆಯ್ಕೆಯ ಪ್ರಶ್ನೆ ಎಂದರು. ನನಗೆ ಎರಡನೆಯದೇ ಸರಿಯೆನಿಸುತ್ತದೆ. ಯಾವ ಧರ್ಮಕ್ಕೆ ಯಾವುದು ಅತ್ಯಗತ್ಯ ಎಂದು ತೀರ್ಮಾನಿಸುವ ಕೆಲಸ ನ್ಯಾಯಾಲಯಕ್ಕೆ ಒಗ್ಗುವಂಥದ್ದಲ್ಲ.

ಸರ್ಕಾರದ ಅಧಿಕಾರವನ್ನು ಚಲಾಯಿಸುವ ಪೊಲೀಸರಿಗೋ ನ್ಯಾಯಾಧೀಶರಿಗೋ ಉಡುಪಿನ ಕಟ್ಟುಪಾಡು ಇರಲಿ ಎಂದರೆ ಅದರಲ್ಲಿ ಒಂದು ತರ್ಕವಿದೆ. ಆದರೆ ಪಾಠ ಕೇಳಲು ಬಂದ ಹುಡುಗಿ ಸರ್ಕಾರದ ಪ್ರತಿನಿಧಿಯಲ್ಲ. ಅವಳನ್ನು ತಡೆಯುವುದಾದರೆ ಆ ತಡೆ ಏಕೆ ಅನಿವಾರ್ಯ ಎಂದು ಸರ್ಕಾರವೇ ತೋರಿಸಿಕೊಡಬೇಕು. ಗುರುತು ಪತ್ತೆಗಾಗಿ ಮುಖ ತೋರಿಸಿ ಎನ್ನುವುದು ಅಂಥ ಕಾರಣವೇ ಸರಿ. ಮಹಿಳಾ ಸಿಬ್ಬಂದಿ ಪ್ರತ್ಯೇಕ ಕೋಣೆಯಲ್ಲಿ ಪರಿಶೀಲಿಸಿದರೆ ಎರಡು ನಿಮಿಷದ ಕೆಲಸ.

ಕಾರಣ ಕೇಳದೆ ಕೊಟ್ಟ ಅಧಿಕಾರ ಒಂದೇ ಸಮುದಾಯದ ಬಾಗಿಲಲ್ಲಿ ನಿಲ್ಲುವುದಿಲ್ಲ. 2025ರ ಏಪ್ರಿಲ್‌ನ ಸಿಇಟಿಯಲ್ಲಿ ಬೀದರ್, ಶಿವಮೊಗ್ಗದ ಪರೀಕ್ಷಾ ಕೇಂದ್ರಗಳಲ್ಲಿ ವಿದ್ಯಾರ್ಥಿಗಳಿಗೆ ಜನಿವಾರ ತೆಗೆಯುವಂತೆ ಹೇಳಲಾಯಿತು. ಬೀದರ್‌ನ ಒಬ್ಬನಿಗೆ ಗಣಿತ ಪರೀಕ್ಷೆಯೇ ತಪ್ಪಿತು. ಮೂರು ಎಳೆ ನೂಲಿನಲ್ಲಿ ಅದ್ಯಾವ ನಕಲು ಚೀಟಿ ಅಡಗೀತೋ! ಹಿಜಾಬಿನ ಮಾತು ಬಂದಾಗ ನಿಯಮವೆಂದರೆ ನಿಯಮ ಎನ್ನುತ್ತಿದ್ದವರಲ್ಲಿಯೂ ಹಲವರು ಅಂದು ಸಿಡಿದೆದ್ದರು.

ಇನ್ನು ನಿಮ್ಮ ಸಮಾನತೆಯ ಮಾತು. ಸಮವಸ್ತ್ರವೇ ಬೇಡವೆಂದು ಆ ವಿದ್ಯಾರ್ಥಿನಿಯರು ಹೇಳಿರಲಿಲ್ಲ. ಸಮವಸ್ತ್ರ ತೊಟ್ಟು, ಅದರ ಬಣ್ಣದ್ದೇ ಬಟ್ಟೆಯನ್ನು ತಲೆಗೆ ಹೊದೆಯಲು ಬಿಡಿ ಎಂಬ ಬೇಡಿಕೆಯೂ ಹೈಕೋರ್ಟಿನ ಮುಂದಿತ್ತು. ಅದನ್ನು ಒಪ್ಪಿದ್ದರೆ ತರಗತಿಯ ಶಿಸ್ತಿಗೆ ಏನು ಕೊರತೆಯಾಗುತ್ತಿತ್ತು ಎಂಬುದಕ್ಕೆ ನನಗೆ ಒಪ್ಪಿಗೆಯಾಗುವ ಉತ್ತರ ಈವರೆಗೆ ಸಿಕ್ಕಿಲ್ಲ.